ಒಡೆದವ್ವನ ಕೆರೆ

ತೆಗ್ಗಿನಹಾಳದಿಂದ ಕಲ್ಲಗೋನಾಳಕ್ಕೆ ಹೋಗುವ ಗಾಡಿದಾರಿಯಲ್ಲಿ ಎರಡು ಹರದಾರಿ ನಡೆದರೆ ಬಲಗಡೆಗೆ ಉದ್ದನೆಯದೊಂದು ಮಣ್ಣಿನ ಏರಿ ಕಾಣಿಸುತ್ತದೆ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಎರೆಹೊಲ. ಮರವೆಂದರೆ ಅಲ್ಲೊಂದು ಬನ್ನಿ, ಇಲ್ಲೊಂದು ಜಾಲಿ. ಏರಿ ಐನೂರು ಮಾರಿಗೆ ಕಡಿಮೆಯಿಲ್ಲ. ಅದರ ಒಳಮೈಗೆ ಹಾಸಿದ ಕಲ್ಲುಗಳು ಇಂದಿಗೂ ಅಲುಗದೆ ಕುಳಿತಿವೆ. ನಡುವಿಗಿಂತ ತುಸು ಪಡುವಣಕ್ಕೆ ಏರಿ ಬಾಯಿ ಬಿಟ್ಟಿದೆ, ಆ ಕಂಡಿಯೊಳಗಿಂದ ಹಳ್ಳವೊಂದು ತನ್ನ ಪಾಡಿಗೆ ಹರಿದುಹೋಗುತ್ತದೆ. ಕೆರೆಯ ಅಂಗಳದಲ್ಲಿ ನೀರಿಲ್ಲ. ಹಿಂಗಾರಿಯಲ್ಲಿ ಅಲ್ಲಿ ಬಿಳಿಜೋಳ ಆಳೆತ್ತರ ನಿಲ್ಲುತ್ತದೆ. ಹೊಸಬರು ಇದನ್ನು ಯಾವುದೋ ಮಳೆಗೆ ಕೊಚ್ಚಿಹೋದ ಹಳೆಯ ಕೆರೆಯೆಂದುಕೊಂಡು ಮುಂದೆ ಸಾಗುತ್ತಾರೆ. ಹಳೆಯ ಕಾಗದಪತ್ರಗಳಲ್ಲಿ ಇದರ ಹೆಸರು ಬಾರೆದಿನ್ನಿ ಕೆರೆ. ಆದರೆ ಸುತ್ತಿನ ಊರುಗಳಲ್ಲಿ ಆ ಹೆಸರು ಹೇಳಿ ದಾರಿ ಕೇಳಿದರೆ ಯಾರೂ ತೋರಿಸಲಾರರು. ಕಟ್ಟಿಸಿದವರ ಹೆಸರು ಹೊತ್ತ ಕೆರೆಗಳನ್ನು ನಾವೆಲ್ಲ ಕಂಡಿದ್ದೇವೆ. ಒಡೆದವರ ಹೆಸರು ಹೊತ್ತ ಕೆರೆ ನನಗೆ ತಿಳಿದಮಟ್ಟಿಗೆ ಇದೊಂದೇ. ಜನ ಇದನ್ನು ಒಡೆದವ್ವನ ಕೆರೆ ಎನ್ನುತ್ತಾರೆ.

ಇಪ್ಪತ್ತಾರು ವರ್ಷ ಅಂಚೆಚೀಲ ಹೊತ್ತು ಈ ದಾರಿಯಲ್ಲಿ ಓಡಾಡಿದವನು ನಾನು. ಮೊದಲ ಕೆಲವು ವರ್ಷ ಆ ಹೆಸರನ್ನು ಕೇಳಿಯೂ ಅದರ ಅರ್ಥವನ್ನು ವಿಚಾರಿಸಿರಲಿಲ್ಲ. ಕಲ್ಲಗೋನಾಳದ ಪಂಪಣ್ಣಜ್ಜ ಒಂದು ಮಧ್ಯಾಹ್ನ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ತನ್ನ ಹಿರಿಯರು ಆ ಕೆರೆಯ ಕೆಳಗಿನ ಊರಿನಿಂದಲೇ ಬಂದವರೆಂದೂ ಹೇಳಬೇಕಾದವರು ತಾವೇ ಎಂದೂ ಪೀಠಿಕೆ ಹಾಕಿ ಇದನ್ನು ಹೇಳಿದ. ಬೇರೆ ಊರುಗಳಲ್ಲಿ ಬೇರೆ ಬಗೆಯಲ್ಲಿ ಹೇಳುವವರಿದ್ದಾರೆ. ದೇವರ ಮುನಿಸಿನಿಂದ ಊರು ಹಾಳಾಯಿತು ಎನ್ನುವವರೂ ಉಂಟು. ನಾನು ಅಜ್ಜನ ಮಾತನ್ನೇ ಹಿಡಿದಿದ್ದೇನೆ. ಏಕೆಂದರೆ ಅದರಲ್ಲಿ ದೇವರನ್ನು ದೂರುವ ಅಗತ್ಯ ಬೀಳುವುದಿಲ್ಲ.

ಹಿಂದೆ ಒಮ್ಮೆ, ಏಳೆಂಟು ತಲೆಮಾರುಗಳ ಆಚೆ, ದೊಡ್ಡ ಹೊಳೆಯೊಂದು ತನ್ನ ದಂಡೆಯನ್ನು ತಾನೇ ತಿನ್ನತೊಡಗಿತಂತೆ. ಹೊಲ ಕಳೆದುಕೊಂಡ ಎಂಟು ಮನೆಯವರು ಗಾಡಿ ಕಟ್ಟಿಕೊಂಡು ಹೊರಟು, ಬಾರೆಹಣ್ಣಿನ ಗಿಡಗಳು ಹಬ್ಬಿದ್ದ ಈ ದಿನ್ನೆಯ ಮೇಲೆ ಇಳಿದರು. ಹೊಳೆಯ ಹತ್ತಿರ ಇನ್ನೆಂದೂ ಮನೆ ಕಟ್ಟುವುದಿಲ್ಲವೆಂಬ ಹಟ ಅವರಿಗೆ. ದಿನ್ನೆಯ ಕೆಳಗಿನ ಎರೆಮಣ್ಣು ಕೈಯಲ್ಲಿ ಹಿಡಿದರೆ ಬೆಣ್ಣೆಯಂತೆ ಜಿಗುಟಾಗುತ್ತಿತ್ತು. ಒಂದು ಹದ ಮಳೆ ಬಿದ್ದರೆ ಸಾಕು, ಆ ತೇವದಲ್ಲೇ ಜೋಳ, ಕಡಲೆ, ಕುಸುಬೆ ಬೆಳೆದು ಮನೆಗೆ ಬರುತ್ತಿದ್ದವು. ಕಾಳಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನೀರಿಗೆ. ಹಳ್ಳ ಸಂಕ್ರಾಂತಿಯ ಹೊತ್ತಿಗೆ ಬತ್ತಿಬಿಡುತ್ತಿತ್ತು. ಅಲ್ಲಿಂದ ಮುಂದೆ ಹೆಂಗಸರು ಕೊಡ ಹೊತ್ತು ಮೂರು ಹರದಾರಿ ನಡೆಯುತ್ತಿದ್ದರು, ದನಗಳನ್ನು ನಂಟರ ಊರಿಗೆ ಹೊಡೆಯುತ್ತಿದ್ದರು. ಆ ಎಂಟು ಮನೆಯವರಲ್ಲಿ ಗುಡದಪ್ಪ ಎಂಬವನಿದ್ದ. ಅವನ ಹೆಂಡತಿ ಒಂದು ಬೇಸಿಗೆ, ತುಂಬಿದ ಬಸುರಿ, ನೀರಿನ ದಾರಿಯಲ್ಲೇ ಕುಸಿದು ಹೆತ್ತಳು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಗುಡದಪ್ಪ ಮತ್ತೆ ಮದುವೆಯಾಗಲಿಲ್ಲ. ಹೆಂಡತಿಯ ದಿನಕರ್ಮ ಮುಗಿದ ಮಾರನೆಯ ದಿನ ಗುದ್ದಲಿ ಹೆಗಲಿಗಿಟ್ಟು ಹಳ್ಳದ ಮೇಲ್ಗಡೆ ಹೋಗಿ ಮಣ್ಣು ಅಗೆಯಲು ನಿಂತ. ಮೊದಲ ತಿಂಗಳು ಅವನೊಬ್ಬನೇ. ಆಮೇಲೆ ಎಂಟೂ ಮನೆಯ ಗಾಡಿಗಳು ಅವನ ಹಿಂದೆ ಸಾಲು ಹಿಡಿದವು.

ಏರಿ ಎದ್ದು ನಿಲ್ಲಲು ಒಂಬತ್ತು ಬೇಸಿಗೆ ಹಿಡಿಯಿತು. ಕೆರೆ ತುಂಬಿದ ವರ್ಷ ಬಾರೆದಿನ್ನಿಯ ಹೆಂಗಸರು ಕೊಡಗಳನ್ನು ಏರಿಯ ಮೇಲೆ ಸಾಲಾಗಿ ಇಟ್ಟು, ಏನೂ ಮಾಡದೆ ಸಂಜೆಯವರೆಗೆ ನೀರನ್ನೇ ನೋಡುತ್ತ ಕುಳಿತಿದ್ದರು ಎನ್ನುತ್ತಾರೆ. ಅಲ್ಲಿಂದ ಊರಿಗೆ ಹಿಡಿದ ಏಳಿಗೆಯನ್ನು ಸುತ್ತಿನವರು ಬೆರಗಿನಿಂದ ನೋಡಿದರು. ತೂಬಿನಿಂದ ಕಾಲುವೆ ಹೊರಟವು, ಒಂದು ಬೆಳೆಯ ಹೊಲಗಳು ಎರಡು ಬೆಳೆ ಕೊಟ್ಟವು. ಜೋಳ ಉಂಡವರು ಭತ್ತ ಬೆಳೆದರು, ಕಬ್ಬು ನೆಟ್ಟರು, ಆಲೆ ಹೂಡಿದರು. ಬೆಲ್ಲ ಕುದಿಯುವ ವಾಸನೆ ಗಾಳಿಯ ಜೊತೆ ತೆಗ್ಗಿನಹಾಳದವರೆಗೆ ಬರುತ್ತಿತ್ತಂತೆ. ಕಮ್ಮಾರರು ಬಂದರು, ಗಾಣದವರು ಬಂದರು, ನಾಲ್ಕು ಮಗ್ಗಗಳು ಬಂದವು. ಎಂಟು ಮನೆ ಎಂಬತ್ತಾದವು. ಬಾರೆದಿನ್ನಿಗೆ ಹೆಣ್ಣು ಕೊಟ್ಟರೆ ಕೊಡ ಹೊರುವ ಕಷ್ಟವಿಲ್ಲವೆಂದು ದೂರದೂರದವರು ಸಂಬಂಧ ಕೇಳಿಕೊಂಡು ಬರುತ್ತಿದ್ದರು. ಹಾಗೆ ಬಂದವಳೇ ಸಾತವ್ವ. ತಾಯಿಯಿಲ್ಲದೆ ಬೆಳೆದ ಗುಡದಪ್ಪನ ಮಗ ಬರಮಪ್ಪನಿಗೆ ಅವಳನ್ನು ತಂದುಕೊಂಡರು. ಬರಮಪ್ಪ ಊರಿನ ನೀರಗಂಟಿ. ತೂಬು ತೆರೆಯುವುದು, ಮುಚ್ಚುವುದು, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವುದು ಅವನ ಕೆಲಸ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅವನು ಜ್ವರ ಬಂದು ತೀರಿಕೊಂಡಾಗ, ಬೇರೆಯವರನ್ನು ಹುಡುಕುವ ಮೊದಲೇ ಸಾತವ್ವ ತೂಬಿನ ಕೋಲನ್ನು ಕೈಗೆತ್ತಿಕೊಂಡಳು. ಊರವರು ಬೇಡವೆನ್ನಲಿಲ್ಲ. ಅವಳು ತೀರ ಕಡಿಮೆ ಮಾತಿನವಳು, ಯಾರ ಪಾಲಿನ ನೀರನ್ನೂ ಅರೆಗಳಿಗೆ ಹೆಚ್ಚುಕಡಿಮೆ ಮಾಡಿದವಳಲ್ಲ.

ನೆಲ ಬೆಳ್ಳಗಾದದ್ದನ್ನು ಮೊದಲು ಕಂಡವಳೂ ಅವಳೇ. ಏರಿಯ ಕೆಳಗಿನ ಗದ್ದೆಯೊಂದರ ಮೂಲೆಯಲ್ಲಿ, ಯಾರೋ ಸುಣ್ಣ ಚೆಲ್ಲಿದ ಹಾಗೆ, ಹಾಸಿಗೆಯಗಲ ಜಾಗ ಬಿಳಿಚಿಕೊಂಡಿತ್ತು. ಮುಂದಿನ ವರ್ಷ ಅದು ಕಣದಷ್ಟಾಯಿತು. ಅದರ ಮುಂದಿನ ವರ್ಷ ಆ ಗದ್ದೆಯಲ್ಲಿ ಭತ್ತ ಹಳದಿ ತಿರುಗಿ ಸತ್ತಿತು. ಸವಳು, ಅಂದರೆ ನೆಲದಿಂದ ಮೇಲೇಳುವ ಉಪ್ಪು, ಒಂದೊಂದೇ ಹೊಲ ದಾಟುತ್ತ ಕೆಳಗೆ ಇಳಿಯಿತು, ಊರಬಾವಿಯ ನೀರು ಕೂಡ ಬೇಳೆ ಬೇಯದಷ್ಟು ಉಪ್ಪಾಯಿತು. ಊರವರು ಸುಮ್ಮನಿರಲಿಲ್ಲ. ಗೊಬ್ಬರ ಹಾಕಿದರು, ಮೇಲುಮಣ್ಣು ಹೆರೆದು ಎಸೆದರು, ಹರಕೆ ಹೊತ್ತರು. ಕೊನೆಗೆ, ನೀರು ಹೆಚ್ಚು ಹಾಯಿಸಿದರೆ ಉಪ್ಪು ತೊಳೆದು ಹೋದೀತೆಂದು ಎಲ್ಲ ಕೂಡಿ ಏರಿಯನ್ನು ಇನ್ನೊಂದಾಳು ಎತ್ತರಿಸಿದರು. ಆ ವರ್ಷ ಕೆರೆ ಸಮುದ್ರದಂತೆ ತುಂಬಿತು. ಮರುವರ್ಷ ಅರ್ಧ ಊರಿನ ಹೊಲ ಬೆಳ್ಳಗಾಯಿತು.

ಸಾತವ್ವ ಆ ಬೇಸಿಗೆಯಲ್ಲಿ ಒಂದು ಸಲಿಕೆ ಹಿಡಿದು ಹೊಲದಿಂದ ಹೊಲಕ್ಕೆ ನಡೆದಳು. ಹೋದಲ್ಲೆಲ್ಲ ಒಂದು ಗುಂಡಿ ತೋಡಿದಳು. ಏರಿಯ ಕೆಳಗಿನ ಹೊಲಗಳಲ್ಲಿ ಮೊಳಕೈ ಆಳ ತೋಡುವಷ್ಟರಲ್ಲಿ ನೀರು ಬಂದು ನಿಲ್ಲುತ್ತಿತ್ತು. ಬಾಯಿಗೆ ಹಾಕಿಕೊಂಡರೆ ಉಪ್ಪು. ಕಾಲುವೆ ಹತ್ತದ ದಿನ್ನೆಯ ಹೊಲಗಳಲ್ಲಿ ಆಳುದ್ದ ತೋಡಿದರೂ ಮಣ್ಣು ಕಪ್ಪಗೆ, ಬರಿ ತೇವವಾಗಿ, ಮೊದಲಿನ ಹಾಗೆಯೇ ಇತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಕೆರೆಯ ನೀರು ಹಗಲೂ ಇರುಳೂ ಮಣ್ಣಿನೊಳಗೆ ಇಳಿದು, ಹೋಗಲು ದಾರಿಯಿಲ್ಲದೆ ಅಡಿಯಲ್ಲೇ ನಿಂತು, ತಳದ ಉಪ್ಪನ್ನು ಮೇಲಕ್ಕೆ ಎತ್ತಿಕೊಂಡು ಬರುತ್ತಿದೆಯೆಂಬುದು ಅವಳಿಗೆ ಯಾರೂ ಹೇಳಿಕೊಡದೆ ಹೊಳೆಯಿತು. ಊರಿನ ಹಿರಿಯರು ಕೂಡಿದಾಗ ಹೋಗಿ ನಿಂತು ಹೇಳಿದಳು. ಕೆರೆಯನ್ನು ಬಿಟ್ಟುಬಿಡಬೇಕು, ಹಳ್ಳವನ್ನು ಮೊದಲಿನ ಹಾಗೆ ಹರಿಯಲು ಬಿಡಬೇಕು, ಹೊಲಗಳ ನಡುವೆ ಬಸಿಗಾಲುವೆ ತೋಡಬೇಕು ಎಂದಳು.

ಅವಳ ಮಾತು ಮುಗಿಯುವ ಮೊದಲೇ ಚಂದಪ್ಪ ಎದ್ದು ನಿಂತ. ಕಾಲುವೆಯ ತುದಿಯಲ್ಲಿ ಅವನ ಹೊಲಗಳು. ಸವಳು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ, ಕಬ್ಬು ಸೊಂಪಾಗಿ ನಿಂತಿತ್ತು. "ನೀರಗಂಟಿಯಾಗಿ ನೀರು ಬ್ಯಾಡ ಅಂತೀಯಲ್ಲ, ನಿನಗೇನು ಬುದ್ಧಿಗಿದ್ಧಿ ಐತೋ ಇಲ್ಲೋ?" ಎಂದ. "ಒಂಬತ್ತು ವರ್ಷ ನಮ್ಮಪ್ಪ ಮಣ್ಣು ಹೊತ್ತಾನ ಆ ಏರಿಗೆ."

"ನಿಮ್ಮ ಹೊಲಕ್ಕೂ ಬರತೈತಿ ಅಣ್ಣಾ," ಎಂದಳು ಸಾತವ್ವ. "ನಾಲ್ಕು ವರ್ಷ, ಇಲ್ಲಾ ಐದು."

"ಬಂದಾಗ ನೋಡೋಣು."

ಗುಡದಪ್ಪ ಆಗ ಎಂಬತ್ತರ ಹತ್ತಿರ ಹತ್ತಿರದವನು. ಕಣ್ಣು ಮಂಜಾಗಿತ್ತು. ದಿನವೂ ಬೆಳಿಗ್ಗೆ ಯಾರಾದರೂ ಕೈಹಿಡಿದು ಏರಿಯ ಮೇಲೆ ಕೂರಿಸಿದರೆ ಸಂಜೆಯವರೆಗೆ ನೀರಿನ ಸದ್ದು ಕೇಳುತ್ತ ಕೂರುತ್ತಿದ್ದ. ಹೊಲ ಕೆಟ್ಟಿವೆಯೆಂದು ಕೇಳಿದ್ದನೇ ಹೊರತು ಎಷ್ಟು ಕೆಟ್ಟಿವೆಯೆಂದು ಕಂಡಿರಲಿಲ್ಲ, ಅವನೆದುರು ಅದನ್ನು ವಿವರಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಸೊಸೆ ಕೆರೆ ಬೇಡವೆಂದಳೆಂದು ತಿಳಿದ ದಿನ ಅವನು ಉಣ್ಣಲಿಲ್ಲ. ಮಾರನೆಯ ಬೆಳಿಗ್ಗೆ ಸಾತವ್ವ ಅವನನ್ನು ಏರಿಗೆ ಕರೆದೊಯ್ಯದೆ, ಅವನೇ ಮೊದಲು ನೇಗಿಲು ಹೂಡಿದ್ದ ಹೊಲಕ್ಕೆ ನಡೆಸಿಕೊಂಡು ಹೋದಳು. ಕಾಲಿನ ಕೆಳಗೆ ಮಣ್ಣು ಹಪ್ಪಳದಂತೆ ಮುರಿಯಿತು. ಮುದುಕ ನಿಂತುಬಿಟ್ಟ. ಮಡಿಕೆ ಹೊಡೆದು ಉತ್ತ ಎರೆಹೊಲದ ಮೇಲೆ ನಡೆದು ಬಲ್ಲವನಿಗೆ ಅಷ್ಟೇ ಸಾಕಾಗಿತ್ತು. ಆದರೂ ಬಗ್ಗಿ ಒಂದು ಹಿಡಿ ಎತ್ತಿಕೊಂಡು ನಾಲಿಗೆಗೆ ಹಚ್ಚಿದ.

"ಎಲ್ಲಾ ಕಡಿಗೂ ಹಿಂಗ ಐತೇನವ್ವಾ?"

"ಅರ್ಧಕ್ಕ ಐತ್ರಿ ಮಾವ. ಉಳಿದ ಅರ್ಧಕ್ಕ ಬರಾಕ ಹತ್ತೈತಿ."

ಅವನು ಕೈಯ ಮಣ್ಣನ್ನು ಉದುರಿಸಿದ. ಆಮೇಲೆ ಏರಿಯ ಕಡೆಗೆ ಮುಖ ತಿರುಗಿಸಿ, ಯಾವುದೋ ಸಾಮಾನ್ಯ ವಿಷಯ ಹೇಳುವವನಂತೆ ಹೇಳಿದ: "ಪಡುವಣಕ್ಕ, ಹಳ್ಳದ ಹಳೀ ಬಾಯಿ ಇತ್ತಲ್ಲ, ಅಲ್ಲಿ ಏರಿ ಮೆತ್ತಗ ಐತಿ. ಒಂಬತ್ತನೇ ವರ್ಷ ಮಳಿ ಬೆನ್ನಿಗೇ ಬಂತು, ಕಲ್ಲು ಹಾಕಾಕ ಪುರಸೊತ್ತು ಆಗಲಿಲ್ಲ. ಬರಿ ಮಣ್ಣು ತುಂಬಿ ಮುಚ್ಚಿದ್ವಿ. ಅದು ಈಗ ನನಗೊಬ್ಬಗ ಗೊತ್ತು. ಬ್ಯಾರೆ ಕಡೆ ಅಗದ್ರ ಹತ್ತು ಆಳಿಗೂ ಆಗಂಗಿಲ್ಲ." ತಾನೂ ಬಂದು ಅಲ್ಲಿ ಕೂರುತ್ತೇನೆ, ಒಡೆಯಲು ಹೇಳಿದವನು ನಾನೇ ಎಂದು ಊರಿಗೆ ತಿಳಿಸುತ್ತೇನೆ ಎಂದ.

ಸಾತವ್ವ ಒಪ್ಪಲಿಲ್ಲ. "ಬ್ಯಾಡ್ರಿ. ಈಗ ಮಂದಿ ಒಬ್ಬರಿಗೊಬ್ಬರು ನಂಬಂಗಿಲ್ಲ, ನಿಮ್ಮನ್ನ ನಂಬತಾರ. ನನ್ನ ಮ್ಯಾಲೆ ಸಿಟ್ಟು ಬಂದ್ರ ಊರು ತಡಕೋತೈತಿ. ನಿಮ್ಮ ಮ್ಯಾಲೂ ಬಂತಂದ್ರ ಇವರು ಯಾರ ಮಾರಿ ನೋಡಬೇಕು? ನೀವು ಕಟ್ಟಿದವರಾಗೇ ಇರ್ರಿ."

ವೈಶಾಖದಲ್ಲಿ, ಕೆರೆಯ ನೀರು ವರ್ಷದಲ್ಲೇ ಕಡಿಮೆಯಿದ್ದಾಗ, ಕೆಳಗಿನ ಮನೆಗಳಿಗೆ ಅಪಾಯವಿಲ್ಲವೆಂದು ಅಂದಾಜು ಮಾಡಿ ಅವಳು ಕೆಲಸ ಹಿಡಿದಳು. ಹಾಡುಹಗಲು, ಎಲ್ಲರ ಕಣ್ಣೆದುರು. ನೀರಗಂಟಿ ಏರಿಯ ಮೇಲೆ ಮಣ್ಣು ಅಗೆಯುವುದನ್ನು ಕಂಡವರು ದುರಸ್ತಿ ನಡೆದಿದೆಯೆಂದುಕೊಂಡರು. ಹೊಲಕ್ಕೆ ಹೋಗುವ ಹೆಂಗಸರು ನಿಂತು ಮಾತಾಡಿಸಿದರು. ಎರಡನೆಯ ದಿನ ಚಂದಪ್ಪನ ಹೆಂಡತಿಯೇ ಬಿಸಿಲು ಬಹಳವೆಂದು ಒಂದು ಚರಿಗೆ ಮಜ್ಜಿಗೆ ಕೊಟ್ಟು ಹೋದಳು. ಸಾತವ್ವ ಅದನ್ನು ಕುಡಿದಳು. ಆ ಮಜ್ಜಿಗೆ ಗಂಟಲಲ್ಲಿ ಇಳಿಯುವಾಗ ಪಟ್ಟ ಸಂಕಟ ಆಮೇಲೆ ಕೇಳಿದ ಯಾವ ಬೈಗುಳಕ್ಕೂ ಪಡಲಿಲ್ಲವೆಂದು ಮುಂದೆ ಅವಳೇ ಹೇಳಿದ್ದುಂಟು. ಮೂರನೆಯ ದಿನ ಹೊತ್ತು ನೆತ್ತಿಗೇರುವ ಹೊತ್ತಿಗೆ ನೀರು ಬೆರಳಗಲ ದಾರಿ ಮಾಡಿಕೊಂಡಿತು. ಅವಳು ಮೇಲೆ ಹತ್ತಿ ನಿಂತಳು. ಉಳಿದದ್ದನ್ನು ನೀರೇ ಮಾಡಿತು.

ಸದ್ದು ಕೇಳಿ ಊರು ಓಡಿ ಬಂತು. ಬುಟ್ಟಿಯಲ್ಲಿ ಮಣ್ಣು ತಂದು ಸುರಿದರು, ಗಾಡಿಗಟ್ಟಲೆ ಸೊಪ್ಪು ಒಗೆದರು, ಯಾವುದೂ ನಿಲ್ಲಲಿಲ್ಲ. ಚಂದಪ್ಪ ಗುದ್ದಲಿ ಎತ್ತಿ ಅವಳ ಮೇಲೆ ಹೋದವನು, ಏರಿಯ ಮೇಲೆ ಎಂದಿನಂತೆ ಕುಳಿತಿದ್ದ ಗುಡದಪ್ಪನನ್ನು ಕಂಡು ಕೈ ಇಳಿಸಿದ. "ಅಜ್ಜಾ, ನಿನ್ನ ಸೊಸಿ ಮಾಡಿದ್ದು ನೋಡು!" ಎಂದು ಕೂಗಿದ. ಮುದುಕ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಸಾತವ್ವ ಅವನನ್ನೇ ನೋಡುತ್ತ ನಿಂತಿದ್ದಳು. "ನನಗ ಕಣ್ಣು ಕಾಣಂಗಿಲ್ಲೋ ತಮ್ಮಾ," ಎಂದಷ್ಟೇ ಹೇಳಿದ. ಸಂಜೆಯವರೆಗೂ ಜನ ಅವಳ ಮೇಲೆ ಕೂಗಾಡಿದರು. ಯಾರೋ ಒಬ್ಬಳು ಆ ಗದ್ದಲದಲ್ಲಿ "ಮನಿ ಒಡೆಯೋ ಸೊಸೀನ್ನ ಕಂಡಿದ್ದೆ, ಕೆರಿ ಒಡದಾಕಿನ್ನ ಇವತ್ತ ಕಂಡೆ" ಎಂದಳು. ಮರುದಿನದಿಂದ ಅವಳಿಗೆ ಅದೇ ಹೆಸರಾಯಿತು. ಮಕ್ಕಳು ಹಿಂದಿನಿಂದ ಒಡೆದವ್ವಾ ಎಂದು ಕೂಗಿ ಓಡುತ್ತಿದ್ದರು. ಬೆಂಕಿ ಕೊಡುವುದನ್ನು, ಮೊಸರಿಗೆ ಹೆಪ್ಪು ಕೊಡುವುದನ್ನು ನೆರೆಯವರು ಬಿಟ್ಟರು. ಗುಡದಪ್ಪ ಆ ಮಳೆಗಾಲದಲ್ಲಿ ತೀರಿಕೊಂಡ. ಕೆರೆಯ ಕೊರಗಿನಲ್ಲೇ ಸತ್ತನೆಂದು ಊರು ಆ ಸಾವನ್ನೂ ಅವಳ ತಲೆಗೆ ಕಟ್ಟಿತು.

ಆಮೇಲೆ ಬಾರೆದಿನ್ನಿ ಇಳಿಮುಖವಾಯಿತು. ಅದು ಒಮ್ಮೆಗೇ ಆದದ್ದಲ್ಲ. ಮೊದಲು ಮಗ್ಗದವರು ಹೋದರು, ಆಮೇಲೆ ಗಾಣದವರು. ಕಬ್ಬಿಲ್ಲದ ಆಲೆ ಮನೆಗಳ ಮಾಡು ಬಿದ್ದಿತು. ಚಂದಪ್ಪ ಏಳು ಗಾಡಿ ಹೇರಿಕೊಂಡು ಕಲ್ಲಗೋನಾಳಕ್ಕೆ ಹೊರಟಾಗ ಅವನ ಹಿಂದೆ ಇಪ್ಪತ್ತು ಮನೆ ಎದ್ದವು. ನೀರು ಬಿಟ್ಟ ಮಾತ್ರಕ್ಕೆ ಸವಳು ಹೋಗಲಿಲ್ಲ. ಎರಡು ವರ್ಷ, ಮೂರು ವರ್ಷ ಕಾದವರು ತಾಳ್ಮೆ ಕಳೆದುಕೊಂಡರು. ಅವರದು ತಪ್ಪೆನ್ನಲಾಗದು. ಮಕ್ಕಳ ಹೊಟ್ಟೆ ಅಷ್ಟು ಕಾಯುವುದಿಲ್ಲ. ದಿನ್ನೆಯ ಮೇಲಿನ ಒಣಹೊಲಗಳವರು ಮಾತ್ರ ಆರೇಳು ಮನೆ ಉಳಿದರು. ಸಾತವ್ವನ ಮಗಳು ಗಂಡನ ಊರಿನಿಂದ ಬಂದು ಕರೆದಳು; ಇವಳು ಹೋಗಲಿಲ್ಲ. ಹಳ್ಳದ ಮರಳಿನಲ್ಲಿ ಒರತೆ ತೋಡಿಕೊಂಡು, ದಿನ್ನೆಯ ಒಂದು ತುಂಡು ನೆಲದಲ್ಲಿ ಉಣ್ಣುವಷ್ಟು ಬೆಳೆದುಕೊಂಡು, ಉಳಿದ ಹೊತ್ತೆಲ್ಲ ಒಬ್ಬಳೇ ಬಿಳಿ ಹೊಲಗಳ ನಡುವೆ ಬಸಿಗಾಲುವೆ ತೋಡಿದಳು. ಮಳೆ ಉಪ್ಪನ್ನು ತೊಳೆಯಬೇಕು, ತೊಳೆದ ನೀರು ಹಳ್ಳ ಸೇರಬೇಕು. ಅದಕ್ಕೆ ದಾರಿ ಬೇಕು. ಪ್ರತಿ ಹಿಂಗಾರಿಯಲ್ಲಿ ಒಂದು ಬೊಗಸೆ ಜೋಳವನ್ನು ಮಾವನ ಆ ಮೊದಲ ಹೊಲದಲ್ಲಿ ಬಿತ್ತುತ್ತಿದ್ದಳು. ಮೊಳಕೆ ಬರುತ್ತಿರಲಿಲ್ಲ. ಆರನೆಯ ವರ್ಷ ಮೊಳೆತು ಸುಟ್ಟುಹೋಯಿತು. ಒಂಬತ್ತನೆಯ ವರ್ಷ ಮೊಳಕಾಲೆತ್ತರ ಬಂದು ತೆನೆಯಾಗದೆ ನಿಂತಿತು. ಹದಿಮೂರನೆಯ ವರ್ಷ ತೆನೆ ಹಿಡಿಯಿತು.

ಅವಳು ಆ ತೆನೆಗಳಲ್ಲಿ ಐದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹದಿಮೂರು ವರ್ಷದಲ್ಲಿ ಮೊದಲ ಬಾರಿ ಊರು ಬಿಟ್ಟು ಕಲ್ಲಗೋನಾಳಕ್ಕೆ ನಡೆದುಹೋಗಿ ಚಂದಪ್ಪನ ಜಗಲಿಯ ಮೇಲೆ ಇಟ್ಟಳು. ಚಂದಪ್ಪನೂ ಮುದುಕನಾಗಿದ್ದ. ಯಾವ ಹೊಲದವು ಎಂದು ಕೇಳಿದ. ಹೇಳಿದಳು. ಅವನು ಗಾಡಿ ಹೂಡಿಸಿ, ಅವಳನ್ನೂ ಹತ್ತಿಸಿಕೊಂಡು ಬಾರೆದಿನ್ನಿಗೆ ಬಂದ. ಹೊಲಕ್ಕೆ ಇಳಿದು ಮಣ್ಣು ಹಿಡಿದು ನೋಡಿದ. ಬೆರಳಿಗೆ ಜಿಗುಟು ಹತ್ತಿತು, ಕಪ್ಪಾಯಿತು. ಒಂದು ಪ್ರಶ್ನೆ ಅವನ ಮನಸ್ಸಿನಲ್ಲಿ ಅಷ್ಟು ವರ್ಷ ಉಳಿದಿತ್ತಂತೆ.

"ಆ ಜಾಗಾನೇ ಮೆತ್ತಗ ಐತಿ ಅಂತ ನಿನಗ ಯಾರು ಹೇಳಿದ್ರು? ಒಬ್ಬಾಕಿ ಮೂರು ದಿನದಾಗ ಒಡಿಯೋ ಏರಿ ಅಲ್ಲ ಅದು."

ಗುಡದಪ್ಪ ಸತ್ತು ಹದಿಮೂರು ವರ್ಷವಾಗಿತ್ತು. ಇನ್ನು ಅವನ ಮೇಲೆ ಸಿಟ್ಟಾಗುವವರು ಉಳಿದಿರಲಿಲ್ಲ. ಸಾತವ್ವ ಹೇಳಿದಳು. ಚಂದಪ್ಪ ಅಲ್ಲೇ ಹೊಲದ ಬದುವಿನ ಮೇಲೆ ಕುಳಿತು, ದೊಡ್ಡ ದನಿಯಲ್ಲಿ, ಹೆಂಗಸಿನೆದುರು ಎಂಬ ಸಂಕೋಚವಿಲ್ಲದೆ ಅತ್ತನೆಂದು ಪಂಪಣ್ಣಜ್ಜ ಹೇಳುತ್ತಾನೆ. ಆ ಚಂದಪ್ಪ ಪಂಪಣ್ಣಜ್ಜನ ಮುತ್ತಜ್ಜನ ಅಜ್ಜ. ಊರಿಗೆ ಮರಳಿ ಬರಲು ಅವನಿಗೆ ಆಸೆಯಿತ್ತು, ಆದರೆ ಮಕ್ಕಳು ಕಲ್ಲಗೋನಾಳದಲ್ಲಿ ಬೇರೂರಿದ್ದರು, ಮೊಮ್ಮಕ್ಕಳು ಅಲ್ಲಿ ಹುಟ್ಟಿದ್ದರು. ಹೋದವರಲ್ಲಿ ಯಾರೂ ಮನೆ ಕಟ್ಟಲು ಬರಲಿಲ್ಲ. ಹೊಲ ಉಳಲು ಮಾತ್ರ ಒಬ್ಬೊಬ್ಬರಾಗಿ ಬಂದರು, ಬೆಳಿಗ್ಗೆ ಬಂದು ಸಂಜೆ ಮರಳಿದರು. ಹಿರಿಯರು ಅವಳ ಎದುರು ಸಿಕ್ಕಾಗ ಒಡೆದವ್ವ ಎಂದೇ ಕರೆದರು, ಈಗ ಚಪ್ಪಲಿ ಕಳಚಿ ನಿಂತು. ಸಾತವ್ವ ಕಾಲವಾದ ಮೇಲೆ ದಿನ್ನೆಯ ಮೇಲಿನ ಉಳಿದ ಮನೆಗಳೂ ಒಂದು ತಲೆಮಾರಿನೊಳಗೆ ಖಾಲಿಯಾದವು. ಊರು ಮುಗಿಯಿತು. ನೆಲ ಉಳಿಯಿತು.

ಇಂದು ಅಲ್ಲಿಗೆ ಹೋಗುವವರಿಗೆ ಗುಡಿಯಾಗಲಿ ಕಲ್ಲುಬರಹವಾಗಲಿ ಕಾಣಸಿಗದು. ಹಿಂಗಾರಿಯ ಬಿತ್ತನೆಗೆ ಮುಂಚೆ ಹೋದರೆ ಇನ್ನೊಂದು ಕಾಣುತ್ತದೆ. ಸುತ್ತಿನ ಐದೂರಿನ ರೈತರು ತಮ್ಮ ಹೊಲಕ್ಕೆ ಬದು ಹಾಕುತ್ತಾರೆ; ಎಷ್ಟೇ ಗಟ್ಟಿಯಾಗಿ ಹಾಕಿದರೂ, ಕೆಳಗಿನ ಮೂಲೆಯಲ್ಲಿ ಒಂದು ಗೇಣು ಜಾಗ ತೆರೆದೇ ಬಿಡುತ್ತಾರೆ. ಅಲ್ಲಿ ಸಲಿಕೆಯಿಂದ ಒಮ್ಮೆ ಕಡಿದು, ಮಣ್ಣನ್ನು ಪಕ್ಕಕ್ಕೆ ಸರಿಸಿ, "ನಿನ್ನ ದಾರಿ ಬಿಟ್ಟೇವಿ ಅವ್ವಾ" ಎಂದು ಹೇಳಿ ಮನೆಗೆ ಹೋಗುತ್ತಾರೆ. ಮಳೆ ಬಂದ ಮರುದಿನ ಆ ಗೇಣಗಲದ ಬಾಯಿಗಳಿಂದ ಹೊಲಹೊಲದ ನೀರು ಸಣ್ಣಗೆ ಸದ್ದು ಮಾಡುತ್ತ ಹಳ್ಳದ ಕಡೆಗೆ ಇಳಿಯುತ್ತಿರುತ್ತದೆ.